ಬುಧವಾರದ ಗಡ್ಡ

ಅಪ್ಪನ ರೇಜರನ್ನು ಬೇರೆ ಯಾರೋ ಬಳಸುತ್ತಿದ್ದರು.

ಕಳೆದ ಬುಧವಾರ ಮಗ ಹೊಸ ಬ್ಲೇಡು ಹಾಕಿ, ಒಂದೇ ಸಲ ಬಳಸಿ, ತೊಳೆದು ಒರೆಸಿ ಇಟ್ಟು ಹೋಗಿದ್ದ. ಈ ಬುಧವಾರ ಬಿಚ್ಚಿ ನೋಡಿದರೆ ಅಂಚು ಮೊಂಡಾಗಿದೆ. ಸಂದಿಯಲ್ಲಿ ಸೋಪು ಒಣಗಿ ಕೂತಿದೆ. ಅಪ್ಪ ಮಾತ್ರ ಎಂದಿನಂತೆ ಮಂಚದ ಮೇಲೆ ಬಿಳಿ ಗಡ್ಡ ಹೊತ್ತು ಕಾಯುತ್ತಿದ್ದಾರೆ. ವಾರಕ್ಕೆ ಕಡಿಮೆಯೇ ಎನ್ನುವಷ್ಟು ಗಡ್ಡ. ವಯಸ್ಸಾಯಿತಲ್ಲ, ಬೆಳೆಯುವುದು ನಿಧಾನ ಎಂದುಕೊಂಡ. ಅವರ ಕಣ್ಣು ಹೋಗಿ ಎರಡು ವರ್ಷ.

ಮಗ ವೃದ್ಧಾಶ್ರಮದ ಅಟೆಂಡರನನ್ನು ವರಾಂಡಕ್ಕೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದ. "ನಮ್ಮಪ್ಪ ಮೊದಲ ಸಂಬಳದಲ್ಲಿ ತಗೊಂಡ ರೇಜರ್ ಅದು. ಕಂಡಕಂಡವರ ಮುಖಕ್ಕಲ್ಲ."

"ಎದೆ ಮುಟ್ಟೋ ಗಡ್ಡ ಇಟ್ಕೊಂಡವನನ್ನ ಕೇಳ್ತೀರಲ್ಲ ಸಾರ್!" ಅಟೆಂಡರ್ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಒಳಗೆ ಹೋಗಿ ಅವರನ್ನೇ ಕೇಳಿ."

ಅದೊಂದೇ ಇವನ ಕೈಲಾಗದ ಕೆಲಸ.

ಹನ್ನೊಂದು ವರ್ಷದ ಹಿಂದೆ ಅಮ್ಮ ಮೂರು ದಿನ ಇವನನ್ನೇ ಕರೆಯುತ್ತಾ ಪ್ರಾಣ ಬಿಟ್ಟಳು. ಅಪ್ಪನ ಮೇಲಿನ ಸಿಟ್ಟಿಗೆ ಇವನು ಫೋನ್ ಎತ್ತಿರಲಿಲ್ಲ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ನಾನು ಸಾಯೋವರೆಗೂ ನಿನ್ನ ದನಿ ನನ್ನ ಕಿವಿಗೆ ಬೀಳಬಾರದು," ಎಂದಿದ್ದರು ಅಪ್ಪ. ಐವತ್ತು ವರ್ಷ ಒಂದೇ ಹಿತ್ತಾಳೆ ರೇಜರ್ ಬಳಸಿದವರು. ಪ್ಲಾಸ್ಟಿಕ್ಕಿನದು ಕಂಡರೆ "ಬಳಸು, ಬಿಸಾಡು, ಇದೂ ಒಂದು ಬಾಳಾ?" ಎಂದು ಮೂಗು ಮುರಿಯುತ್ತಿದ್ದವರು. ಅಂಥವರು ಮಗನನ್ನು ಬಿಸಾಡಿದರು.

ಅಪ್ಪನ ಕಣ್ಣು ಹೋದ ಸುದ್ದಿ ಕೇಳಿ ಓಡಿ ಬಂದವನು ಬಾಗಿಲಲ್ಲೇ ಅಟೆಂಡರನ ಕೈ ಹಿಡಿದುಕೊಂಡಿದ್ದ. 'ಕ್ಷೌರದವನು ಅಂತ ಹೇಳಪ್ಪ, ಮೂಗ ಅಂತ ಹೇಳಪ್ಪ' ಎಂದು ಬೇಡಿಕೊಂಡಿದ್ದ. ಅಂದಿನಿಂದ ಪ್ರತಿ ಬುಧವಾರ ಬರುತ್ತಿದ್ದ. ಒಂದು ಸಲ 'ಅಪ್ಪಾ' ಎನ್ನಬೇಕು, ಅಷ್ಟೇ ಆಸೆ. ಆದರೆ ಹಾಗೆ ಕರೆದರೆ ದನಿ ಗುರುತಾಗುತ್ತದೆ. ಗುರುತಾದರೆ ಈ ಬುಧವಾರಗಳೂ ಹೋಗುತ್ತವೆ.

ಒಳಗೆ ಬಂದು ನೊರೆ ಹಚ್ಚಿದ. ಹೊಸ ಬ್ಲೇಡು ಹಾಕಿ ಎಡಗೈಯಲ್ಲಿ ರೇಜರ್ ಹಿಡಿದ. ಅವನು ಹುಟ್ಟಾ ಎಡಚ.

"ಒತ್ತಬೇಡಪ್ಪ," ಎಂದರು ಅಪ್ಪ. "ರೇಜರಿಗೆ ಅದರದ್ದೇ ಭಾರ ಇದೆ. ಕೈ ಸುಮ್ನೆ ಜೊತೆಗಿದ್ರೆ ಸಾಕು."

ಹದಿನಾರನೇ ವಯಸ್ಸಿನಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ ಇದೇ ಮಾತು ಹೇಳಿಕೊಟ್ಟಿದ್ದರು. ಮಗ ಕೈ ಹಗುರ ಮಾಡಿದ.

"ನಿಂಗೆ ಮಾತು ಬರಲ್ಲ ಅಂತಾರೆ. ಪುಣ್ಯವಂತ. ನಾನು ಒಂದೇ ಒಂದು ಮಾತಾಡಿ ಇದ್ದದ್ದೆಲ್ಲ ಕಳ್ಕೊಂಡೆ."

ಮಗ ಬಾಯಿ ತೆರೆದ. ಅಪ್ಪನ ಗಲ್ಲದ ಕೆಳಗೆ ರೇಜರ್ ನಿಂತಿತು. ಅಪ್ಪ ಕತ್ತು ಚಾಚಿದ ಹಾಗೆಯೇ ಕಾದರು. ಮಗ ಬಾಯಿ ಮುಚ್ಚಿದ. ಮುಂದಿನ ಬುಧವಾರ ಹೇಳಿಯೇ ಬಿಡುತ್ತೇನೆ ಎಂದುಕೊಂಡ.

ಮುಂದಿನ ಬುಧವಾರ ಬೆಳಗ್ಗೆ ಅಪ್ಪ ಏಳಲಿಲ್ಲ.

ಇವನು ಬಂದಾಗ ಮೈ ತಣ್ಣಗಾಗಿತ್ತು. "ಅಪ್ಪಾ," ಎಂದ. ಮತ್ತೆ ಮತ್ತೆ ಅಂದ. ಕೇಳುವ ಕಿವಿ ಇರಲಿಲ್ಲ. ಅಟೆಂಡರ್ ಬಿಸಿನೀರು ತಂದಿಟ್ಟ. ಮಗ ಕಣ್ಣೊರೆಸಿಕೊಂಡು ಕೊನೆಯ ಸಲ ನೊರೆ ಹಚ್ಚಿದ. ರೇಜರ್ ಎತ್ತಿಕೊಂಡರೆ ಬ್ಲೇಡು ಮತ್ತೆ ಮೊಂಡು.

"ಈಗಲಾದರೂ ಹೇಳಪ್ಪ. ಯಾರು ಬಳಸ್ತಿದ್ದರು?"

"ಅವರೇ ಸಾರ್," ಎಂದ ಅಟೆಂಡರ್. "ದಿನಾ ಬೆಳಗ್ಗೆ ಕೆನ್ನೆ ತಡವಿ ತಡವಿ ತಾವೇ ಮಾಡ್ಕೊಳ್ತಿದ್ರು, ಒಂದು ಗೀರು ಬೀಳದ ಹಾಗೆ. ಯಾರಿಗೂ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ರು. ಪ್ರತಿ ವಾರ ಭಾನುವಾರದಿಂದ ಮಾತ್ರ ರೇಜರ್ ಮುಟ್ತಿರ್ಲಿಲ್ಲ."

"ಯಾಕೆ?"

"'ಬುಧವಾರ ನನ್ನ ಮಗ ಬರ್ತಾನೆ, ಅವನಿಗೆ ಸ್ವಲ್ಪ ಗಡ್ಡ ಉಳಿಸಬೇಕು' ಅಂತಿದ್ರು."