ವಾಲಿದ ಬಂಗಲೆ

ಹೊಸ್ತಿಲ ಬಳಿ ಇಟ್ಟಿದ್ದ ನಿಂಬೆಹಣ್ಣು ತಾನಾಗಿಯೇ ಉರುಳತೊಡಗಿತು. ಅಡುಗೆಯ ಅಣ್ಣಮ್ಮ ಪೊರಕೆ ಹಿಡಿದು ನೋಡುತ್ತಲೇ ನಿಂತಳು. ಹಣ್ಣು ಉದ್ದನೆಯ ಹಜಾರ ದಾಟಿ ಹಿತ್ತಿಲ ಗೋಡೆಗೆ ಬಡಿದು ನಿಂತಿತು. ಗೋಡೆಯಾಚೆ ಆಳವಾದ ಕಲ್ಲಿನ ಕ್ವಾರಿ.

"ಅಪ್ಪಾರೇ, ಮನೆ ಇಂದಕ್ಕೆ ವಾಲೈತೆ!"

ಕರೀಗೌಡರು ಬೆಚ್ಚಲಿಲ್ಲ. ತೊಣ್ಣೂರಿನಾಚೆಯ ಈ ಬೆಟ್ಟವನ್ನು ಒಂದು ಬದಿಯಿಂದ ಒಡೆದು ಮಾರಿ, ನೆತ್ತಿಯ ಮೇಲೆ ಬಂಗಲೆ ಕಟ್ಟಿಸಿದವರು ಅವರೇ. ನಲವತ್ತು ವರ್ಷಗಳಿಂದ ಪಾಂಡವಪುರದ ಬಸ್ಸಿನಲ್ಲಿ ಬರುವವರಿಗೆಲ್ಲ ಅದೇ ಗುರುತು. ನಾಳೆ ಮೊಮ್ಮಗಳ ಮದುವೆ. ಐನೂರು ಜನಕ್ಕೆ ಇದೇ ಹಜಾರದಲ್ಲಿ ಊಟ. ಗೌಡರು ಬಗ್ಗಿ ನಿಂಬೆಹಣ್ಣನ್ನು ಎತ್ತಿ ಜುಬ್ಬದ ಜೇಬಿಗೆ ಹಾಕಿಕೊಂಡರು.

"ನಂಗೊತ್ತು ಕಣಮ್ಮಿ. ಓದ್ ತಿಂಗ್ಳೇ ಇಂಜಿನಿಯರು ಯೋಳವ್ನೆ. ನಾಳೆ ಒಂದಿನ ತಡ್ಕತದೆ ಬುಡು. ನೀ ಬಾಯ್ಬುಡ್ಬ್ಯಾಡ."

ಕೆಳಗಿನಿಂದ ಚಪ್ಪರದ ಸಾಮಾನು ಹೊತ್ತ ಲಾರಿ ಏರಿ ಬರುವ ಸದ್ದು ಕೇಳಿಸಿತು. ಅಣ್ಣಮ್ಮ ಪೊರಕೆ ಬಿಸಾಡಿ ಓಡಿದಳು. ಲಾರಿ ತಿರುವಿಗೆ ಬರುವಷ್ಟರಲ್ಲಿ ಅವಳು ರಸ್ತೆಯ ನಡುವೆ ಕಾಲು ಚಾಚಿ ಕುಳಿತುಬಿಟ್ಟಿದ್ದಳು. "ಬೇಕಾರೆ ನನ್ ಮ್ಯಾಲೆ ಅತ್ತುಸ್ಲಾ, ಮ್ಯಾಕೆ ಮಾತ್ರ ಬುಡಾಕಿಲ್ಲ!" ಎಂದು ಡ್ರೈವರಿಗೆ ಕೂಗಿದಳು.

ಅವನು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಬೆಟ್ಟದ ನೆತ್ತಿಯಲ್ಲಿ ಬಂಡೆ ಬಿರಿದ ಸದ್ದಾಯಿತು. ಡ್ರೈವರು ಇಂಜಿನ್ ನಿಲ್ಲಿಸಿದ.