ಗುಮ್ಮಟದ ಕೊಂಡಿ

“ಚಂದ್ರ ಬೇಡ. ಬಿಚ್ಚಿಬಿಡಿ ಅಕ್ಕಾ,” ಎಂದರು ಮೇಷ್ಟ್ರು, ಕಡ್ಡಿ ತುಂಡು ಮಾಡಿದಂತೆ.

ತಾಮ್ರದ ಕೆಲಸದಾಕೆ ಉಜ್ಜುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಮಸೀದಿಯ ಗುಮ್ಮಟಕ್ಕೆ ಕೂರಿಸಬೇಕಾದ ಹೊಸ ಕಳಶ ಮೇಜಿನ ಮೇಲೆ ಮಲಗಿತ್ತು: ಒಂದು ಸರಳು, ಮೂರು ಗುಂಡು, ತುದಿಗೆ ತಿರುಪು ಹಾಕಿ ನಿಲ್ಲಿಸಿದ ಬಿದಿಗೆ ಚಂದ್ರ. ಪಕ್ಕದಲ್ಲಿ ಮೇಲಿಂದ ಇಳಿಸಿ ತಂದಿದ್ದ ಹಳೆಯದು, ಸೀಳು ಬಿಟ್ಟು ಹಸಿರು ಹಿಡಿದಿತ್ತು. ಅದು ಅವಳ ಅಪ್ಪನ ಕೈಕೆಲಸ. ಅಪ್ಪ ತೀರಿಕೊಂಡ ಮೇಲೆ ಊರಿನಲ್ಲಿ ಅವನ ಗುರುತು ಅಂತ ಉಳಿದದ್ದು ಆ ಚಂದ್ರ ಒಂದೇ. ಅಂಥದ್ದೇ ಮತ್ತೆ ಮೇಲೇರಬೇಕು, ಅಷ್ಟೇ ಅವಳ ಆಸೆ.

“ಏನೋ ಇದು ನಿನ್ನ ಅಧಿಕಪ್ರಸಂಗ?” ಮಸೀದಿಯ ಯಜಮಾನರು ರೇಗಿದರು. ಮೇಷ್ಟ್ರು ಅವರ ಸ್ವಂತ ತಂಗಿಯ ಮಗ, ಸಮಿತಿಗೆ ಹೊಸಬ. “ಚಂದ್ರ ಇಲ್ದೆ ಗುಮ್ಮಟ ಬೋಳುತಲೆ ಥರ ಕಾಣಲ್ವಾ?”

“ಗ್ರಂಥದಲ್ಲಿ ಎಲ್ಲಿದೆ, ತೋರ್ಸಿ ಮಾವ.”

“ನಾವು ತಿಂಗಳು ಎಣಿಸೋದು ಯಾರನ್ನ ನೋಡಿ? ಚಂದ್ರನ್ನ ತಾನೆ?”

“ಎಣಿಸೋಕೆ ಆಕಾಶದಲ್ಲಿ ಒಬ್ಬ ಇದಾನಲ್ಲ, ತಾಮ್ರದವನು ಯಾಕೆ? ನಮ್ಮ ಧರ್ಮ ಬರೋಕೆ ಎಷ್ಟೋ ಮೊದಲೇ ಯಾರ್ಯಾರೋ ನಾಣ್ಯದ ಮೇಲೆ ಚಂದ್ರನ್ನ ಒತ್ತಿದ್ರು. ಆಮೇಲೆ ಸುಲ್ತಾನರ ಬಾವುಟಕ್ಕೆ ಬಂತು. ಬಾವುಟ ನೋಡಿದವರು ಇದೇ ಇವರ ಧರ್ಮದ ಗುರುತು ಅಂದ್ರು. ಅವರು ಅಂದದ್ದನ್ನ ನಾವೂ ಹೌದು ಅಂದ್ವಿ. ಇಷ್ಟೇ ಕಥೆ.”

ಯಜಮಾನರಿಗೆ ಮೈಯೆಲ್ಲ ಉರಿಯಿತು. “ಬೇರೆಯವರ ವಿಷಯ ಕಟ್ಕೊಂಡು ನನಗೇನಾಗ್ಬೇಕು? ನಮ್ಮ ಗುಮ್ಮಟದ್ದು ಹಿರಿಯರು ಯೋಚನೆ ಮಾಡಿ ಇಡಿಸಿದ್ದು. ಇಟ್ಟವನ ಮಗಳು ಇಲ್ಲೇ ಇದಾಳೆ, ಕೇಳು. ಹೇಳು ತಾಯಿ, ನಿಮ್ಮಪ್ಪನಿಗೆ ಚಂದ್ರ ಮಾಡು ಅಂದವರು ಯಾರು?”

ಒಂದು ಸುಳ್ಳು ಹೇಳಿದ್ದರೆ ಅವಳ ಕೆಲಸ ಅಲ್ಲಿಗೇ ಸಲೀಸಾಗುತ್ತಿತ್ತು. ಆದರೆ ದೇವರ ಮನೆಯ ವಿಷಯ. ಸಾಲದ್ದಕ್ಕೆ, ಅಪ್ಪ ಇದನ್ನು ಹೇಳಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಅವಳಿಗೂ ನಗು ತಡೆಯಲಾಗಲಿಲ್ಲ.

“ಯಾರೂ ಅಂದಿರ್ಲಿಲ್ಲ ಯಜಮಾನ್ರೇ! ಅಪ್ಪ ಮಾಡಿದ್ದು ಮೂರು ಗುಂಡು, ಹಗ್ಗ ಕಟ್ಟಿ ಮೇಲೆತ್ತೋಕೆ ತುದಿಗೆ ಬಳೆ ಥರ ಒಂದು ದುಂಡನೆ ಕೊಂಡಿ. ಭಾರ ತಡೀಲಿ ಅಂತ ಕೊಂಡಿಯ ಅಡಿಭಾಗ ದಪ್ಪ, ಮೇಲ್ಭಾಗ ಸಣ್ಣಗೆ ಬಡಿದಿದ್ದ. ಎತ್ತಿ ಕೂರಿಸಿದ್ಮೇಲೆ ಕೊಂಡಿಯನ್ನ ಬುಡಸಮೇತ ಕತ್ತರಿಸಿ ಹಾಕೋದು ನಮ್ಮ ಪದ್ಧತಿ. ಅವತ್ತು ನೋಡಿದ್ರೆ ಹಗ್ಗದ ಗಂಟು ಬಿಗಿದುಹೋಗಿದೆ, ಏನು ಮಾಡಿದ್ರೂ ಬಿಚ್ಚಲ್ಲ. ಹಗ್ಗ ಯಾರದೋ ಎರವಲು, ಕುಯ್ಯೋ ಹಾಗಿಲ್ಲ. ಕೊಂಡಿ ನಮ್ಮದೇ ಅಲ್ವಾ? ಮೇಲ್ಭಾಗ ಗರಗಸದಲ್ಲಿ ಕೊಯ್ದು ಹಗ್ಗ ಬಿಡಿಸಿದ. ಇನ್ನೇನು ಉಳಿದದ್ದನ್ನೂ ತೆಗೀಬೇಕು, ಅಷ್ಟರಲ್ಲಿ ಕೆಳಗಿಂದ ಯಾರೋ ಚಂದ್ರ, ಚಂದ್ರ ಅಂತ ಕೂಗಿದ್ರಂತೆ. ಜನ ಎಲ್ಲ ಸೇರ್ಕೊಂಡು, ಬೇಡ, ಹಾಗೇ ಬಿಡು ಅಂದ್ರಂತೆ. ಇಲ್ನೋಡಿ.” ಹಳೆಯ ಚಂದ್ರನ ಎರಡು ಕೊಂಬುಗಳನ್ನು ತೋರಿಸಿದಳು. ತುದಿಗಳಲ್ಲಿ ಗರಗಸದ ಗೀರುಗಳು ಇನ್ನೂ ಇದ್ದವು.

ಮೇಷ್ಟ್ರು ತೊಡೆ ತಟ್ಟಿ ನಕ್ಕರು. “ಕೊಂಡಿ! ಕೇಳಿದ್ರಾ ಮಾವ, ಕೊಂಡಿ!”

ಯಜಮಾನರು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು. “ಕೂಗಿದ್ದು ನಾನೇ ಕಣೋ,” ಎಂದರು. “ಆಗಿನ್ನೂ ನನಗೆ ಮೀಸೆ ಬಂದಿರ್ಲಿಲ್ಲ. ಬೇಕು ಅಂತಲೇ ಮಾಡಿದ್ದು ಅಂದ್ಕೊಂಡಿದ್ದೆ. ಏನು ಚೆನ್ನಾಗಿ ಕಾಣ್ತಿತ್ತು ಅಂತೀಯ...” ಹಳೆಯ ಚಂದ್ರನ ಗೀರುಗಳ ಮೇಲೆ ಬೆರಳಾಡಿಸಿದರು.

ಆ ಮುಖ ನೋಡಿ ಅವಳಿಗೆ ಅಯ್ಯೋ ಅನಿಸಿತು. ಸೋಲುವ ಹೆಂಗಸು ಮಾತ್ರ ಅವಳಲ್ಲ. ತಿರುಪುಳಿ ತೆಗೆದುಕೊಂಡು ಹೊಸ ಚಂದ್ರನನ್ನು ಬಿಚ್ಚಿ ಮೇಷ್ಟ್ರ ಕೈಗೇ ಕೊಟ್ಟಳು.

“ತಗೊಳ್ಳಿ ಮೇಷ್ಟ್ರೇ, ನಿಮ್ಮ ಮಾತೇ ಆಗ್ಲಿ. ಎತ್ತೋಕೆ ಅಪ್ಪನ ಹಾಗೇ ಒಂದು ಕೊಂಡಿ ಬಡಿದು ಹಾಕ್ತೀನಿ. ಅದಕ್ಕೇನೂ ತಕರಾರಿಲ್ಲ ತಾನೆ?”

“ಕೊಂಡಿಗೆ ಯಾವ ತಕರಾರು? ಆದ್ರೆ ಆಮೇಲೆ ಬುಡಸಮೇತ ಕತ್ತರಿಸ್ಬೇಕು.”

“ಓಹೋ, ಧಾರಾಳವಾಗಿ. ಕೆಳಗೆ ನೀವೇ ನಿಂತ್ಕೊಳ್ಳಿ. ಎಲ್ಲೀವರೆಗೆ ಕತ್ತರಿಸು ಅಂತೀರೋ ಅಲ್ಲೀವರೆಗೆ ಕತ್ತರಿಸ್ತೀನಿ. ನೀವು ಬುಡ ಅಂದ್ರೆ ಬುಡ.”

ಮರುದಿನ ಮಧ್ಯಾಹ್ನ ಕಳಶ ಮೇಲೇರಿತು. ಅಂಗಳದ ತುಂಬ ಜನ. ಯಜಮಾನರು ಮಾತ್ರ ಮೇಲೆ ನೋಡದೆ ಗೋಡೆಯ ಪಕ್ಕ ನಿಂತಿದ್ದರು. ಅಟ್ಟಣಿಗೆ ಹತ್ತಿ ಹೋದವಳು ಕಳಶವನ್ನು ಕೂರಿಸಿ, ಭದ್ರ ಮಾಡಿ, ಗರಗಸ ತೆಗೆದಳು. ಹಗ್ಗದ ಗಂಟು ಈ ಸಲವೂ ಬಿಗಿದಿತ್ತೋ, ಅವಳೇ ಬಿಗಿದಿದ್ದಳೋ, ಕೇಳಿದವರಿಲ್ಲ. ಶುರು ಮಾಡಿದ್ದು ಮಾತ್ರ ಮೇಲಿನಿಂದಲೇ. ಕೊಂಡಿಯ ತಲೆ ಕಳಚಿತು, ಹಗ್ಗ ಬಿಟ್ಟುಕೊಂಡಿತು. ಅವಳು ಗರಗಸವನ್ನು ಬುಡಕ್ಕೆ ತಾಗಿಸಿ, ಬಗ್ಗಿ ಕೆಳಗೆ ನೋಡಿದಳು.

“ಹೇಳಿ ಮೇಷ್ಟ್ರೇ, ಕೊಯ್ಲಾ?”

ಮೇಷ್ಟ್ರು ತಲೆಯೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತೇ ಇದ್ದರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ ಪಕ್ಕಕ್ಕೆ ಹೋಗಿ ಅಲ್ಲಿಂದಲೂ ನೋಡಿದರು.

“ಅಕ್ಕಾ,” ಎಂದು ಕೂಗಿದರು ಕೊನೆಗೆ, “ಬುಡದ ಹತ್ರ ಹೋಗ್ಬೇಡಿ! ಎಡಗಡೆ ಕೊಂಬು ಒಂಚೂರು ಉದ್ದ ಆಯ್ತು, ಅದನ್ನ ಸರಿ ಮಾಡಿ!”