ಕೇಳಿಕೊಂಡು ಬರುವವರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಲಿಫ್ಟ್ ಮೆಕ್ಯಾನಿಕ್ ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು, ಚರ್ಚಿಗೆ ಮಾತ್ರ ಹೋಗದೆ, ಕಿಟಕಿಯ ಪಕ್ಕ ಕುಳಿತಿದ್ದ. ಬೇರೆ ಊರಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಎರಡು ತಿಂಗಳಿಂದ ಅವನ ಕಾಲು ನೆಲದ ಮೇಲೆ ನಿಂತದ್ದೇ ಇಲ್ಲ. ಸ್ಪ್ಯಾನರ್ ಹಿಡಿದರೂ ಹಾಡು, ಹಲ್ಲುಜ್ಜುವಾಗಲೂ ಹಾಡು.

"ಏನ್ರೀ, ಇವತ್ತು ಚರ್ಚಿಲ್ವಾ?" ದೇವರ ವಿಷಯಕ್ಕೆ ತಲೆಹಾಕದ ಹೆಂಡತಿ ಬಟ್ಟೆ ಮಡಚುತ್ತ ಕೇಳಿದಳು.

"ಬೇಕಂತಲೇ ಹೋಗಿಲ್ಲ ಕಣೇ. ಟೆಸ್ಟಿಂಗ್ ನಡೀತಿದೆ!"

ಒಂದೊಂದಕ್ಕೆ ಎರಡೆರಡು ವಾರದಂತೆ ಅವನು ನಾಲ್ಕು ಚರ್ಚು ಸುತ್ತಿದ್ದ. ಒಂದರಲ್ಲಿ ಹಾಡು ಚೆನ್ನ, ಇನ್ನೊಂದರಲ್ಲಿ ಪಾದ್ರಿಗಳ ಉಪದೇಶ ಚೆನ್ನ, ಮೂರನೆಯದರಲ್ಲಿ ಫ್ಯಾನು ಚೆನ್ನ. ಕೊನೆಯದು ತಗಡಿನ ಚಾವಣಿಯ ಸಣ್ಣ ಚರ್ಚು. ಪವಿತ್ರ ಗ್ರಂಥವನ್ನು ಯಂತ್ರದ ಕೈಪಿಡಿಯಂತೆ ಮೊದಲ ಪುಟದಿಂದ ಓದಲು ಹೊರಟು, ಹೆಸರುಗಳ ಉದ್ದನೆಯ ಪಟ್ಟಿಯಲ್ಲಿ ಸಿಕ್ಕಿಬಿದ್ದಿದ್ದೇನೆಂದು ಇವನು ಅಲ್ಲಿ ಪಕ್ಕದಲ್ಲಿದ್ದ ಮುದುಕರ ಹತ್ತಿರ ಗೋಳು ಹೇಳಿಕೊಂಡಿದ್ದ. ಎಲ್ಲರೂ ಮೇಷ್ಟ್ರು ಎನ್ನುವ ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಯೇಸುವಿನ ಕಥೆ ಇರೋ ಸುವಾರ್ತೆಯಿಂದ ಶುರು ಮಾಡಪ್ಪ. ದಿನಕ್ಕೊಂದು ಪುಟ ಸಾಕು, ನಿಧಾನವಾಗಿ ಓದು. ಚರ್ಚು ಯಾವುದು ಅಂತೀಯಾ? ನೀನು ಬರದೇ ಇದ್ದ ದಿನ, ಯಾಕೆ ಬರಲಿಲ್ಲ ಅಂತ ಕೇಳ್ಕೊಂಡು ಬರೋರು ಎಲ್ಲಿರ್ತಾರೋ ಅಲ್ಲಿಗೆ ಸೇರ್ಕೋ."

ಮೆಕ್ಯಾನಿಕ್ಕಿಗೆ ಅಷ್ಟು ಸಾಕಾಗಿತ್ತು. "ಲಿಫ್ಟಿನ ಬ್ರೇಕ್ ಹಿಡಿಯುತ್ತಾ ಅಂತ ನೋಡ್ಬೇಕಾದ್ರೆ ಕರೆಂಟ್ ತೆಗೀಬೇಕು," ಎಂದು ಮೇಷ್ಟ್ರ ಮಾತನ್ನೂ ಸೇರಿಸಿ ಹೆಂಡತಿಗೆ ವಿವರಿಸಿದ. "ನಾನೂ ತೆಗೆದಿದ್ದೀನಿ. ಈಗ ಯಾರು ಹುಡುಕ್ಕೊಂಡು ಬರ್ತಾರೋ ಅವರದ್ದೇ ನನ್ನ ಚರ್ಚು!"

"ಮನೆ ಅಡ್ರೆಸ್ಸು ಕೊಟ್ಟಿದ್ದೀರಾ?"

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಅಡ್ರೆಸ್ಸಿರಲಿ, ಯಾರಿಗೂ ಫೋನ್ ನಂಬರನ್ನೇ ಕೊಟ್ಟಿರಲಿಲ್ಲ! ಹೆಂಡತಿ ನಕ್ಕು ನಕ್ಕು ಮಡಚಿದ ಬಟ್ಟೆಯ ಮೇಲೆಯೇ ಕುಸಿದಳು. ಅವನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆದರೆ ನಗು ನಿಂತ ಮೇಲೆ, ಎಂಟು ವಾರ ಸುತ್ತಿದರೂ ತನ್ನನ್ನು ಕೇಳುವವರು ಒಬ್ಬರೂ ಇಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು.

"ಹೋಗ್ಲಿ, ಆ ಮೇಷ್ಟ್ರನ್ನೇ ಕೇಳಿ, ಏನಾದ್ರೂ ದಾರಿ ಹೇಳ್ತಾರೆ."

"ಹೋದ ವಾರ ಅವರು ಬಂದೇ ಇರಲಿಲ್ಲ ಕಣೇ. ಬೆಂಚು ಪೂರ್ತಿ ನನ್ನದೇ, ಆರಾಮಾಗಿ ಕೂತಿದ್ದೆ."

"ಯಾಕೆ ಬರಲಿಲ್ಲ ಅಂತ ಕೇಳಿದ್ರಾ?"

ಅವನು ದಡಕ್ಕನೆ ಎದ್ದ. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ, ಎರಡೆರಡು ಮೆಟ್ಟಿಲು ಹಾರುತ್ತ ಇಳಿದು ಓಡಿದ. ತಗಡಿನ ಚರ್ಚಿನ ಗೇಟಿನಲ್ಲಿ ಮೇಷ್ಟ್ರು ಇವತ್ತೂ ಬಂದಿಲ್ಲವೆಂದು ತಿಳಿದು, ಅವರ ಮನೆ ವಿಚಾರಿಸಿ, ನೀರಿನ ಟ್ಯಾಂಕಿನ ಹಿಂದಿನ ಓಣಿ ಹಿಡಿದು, ಏದುಸಿರು ಬಿಡುತ್ತ ಬಾಗಿಲು ಬಡಿದ.

ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಮೇಷ್ಟ್ರ ಬಲಗಾಲಿಗೆ ಬ್ಯಾಂಡೇಜು, ಕೈ ಗೋಡೆಯ ಮೇಲೆ. ಕನ್ನಡಕ ಹಾಕಿರಲಿಲ್ಲವಾದ್ದರಿಂದ ಅವರಿಗೆ ಗುರುತು ಸಿಗಲಿಲ್ಲ.

"ಯಾರಪ್ಪ?"

"ಚರ್ಚಿಂದ ಬಂದೆ ಮೇಷ್ಟ್ರೇ. ನೀವು ಯಾಕೆ ಬರ್ತಿಲ್ಲ ಅಂತ ಕೇಳೋಕೆ."

"ಯಾವ ಚರ್ಚು?"

ಮೆಕ್ಯಾನಿಕ್ ಅವರ ತೋಳು ಹಿಡಿದುಕೊಂಡ.

"ನಮ್ಮದೇ."